300 ಪಟ್ಟು ಸಿಹಿ, ಸರಿ, ಎಷ್ಟು ಹೊತ್ತು?

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಕಾಫಿಯ ವಿಷಯಕ್ಕೆ ಜಗಳ. ಅಪ್ಪನಿಗೆ ಸಕ್ಕರೆ ಕಾಯಿಲೆ. ಕಾಫಿಗೆ ಸಕ್ಕರೆ ಹಾಕಬೇಡಿ ಎಂದು ಡಾಕ್ಟರು ಹೇಳಿದರು. ನಾನು ಓದಿದ ಮಗ, ಮೈಸೂರಿನಿಂದ ಸ್ಟೀವಿಯಾ ಮಾತ್ರೆಯ ಡಬ್ಬಿ ತಂದು ಅವ್ವನ ಕೈಗೆ ಕೊಟ್ಟೆ. ಡಬ್ಬಿಯ ಮೇಲೆ ‘ಸಕ್ಕರೆಗಿಂತ 300 ಪಟ್ಟು ಸಿಹಿ’ ಎಂದು ಬರೆದಿತ್ತು. ಒಂದು ಲೋಟಕ್ಕೆ ಒಂದು ಮಾತ್ರೆ. ಅಪ್ಪ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ಸಿಹಿ ಇಲ್ಲ ಅನ್ನಲ್ಲ ಕಣ್ಲಾ. ಬರೋದು ತಡ. ಬಂದ್ಮೇಲೆ ಹೋಗೋದೇ ಇಲ್ಲ. ನಾಲ್ಗೆ ಮೇಲೆ ಕುಂತ್ಕಂಡ್ಬುಡ್ತದೆ.”

“ಅಭ್ಯಾಸ ಆಯ್ತದೆ ಬಿಡಪ್ಪ” ಎಂದೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿಯುವ ಬದಲು ಏರಿತ್ತು. ಆಮೇಲೆ ಅವ್ವ ಬಾಯಿಬಿಟ್ಟಳು. ಮನೆಯ ಕಾಫಿ ಬಿಟ್ಟು ಅಪ್ಪ ದಿನಕ್ಕೆ ಎರಡು ಸಲ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ, ಸಕ್ಕರೆ ಸುರಿದ ಟೀ ಕುಡಿದು ಬರುತ್ತಿದ್ದ. ಮಾತ್ರೆಯ ಡಬ್ಬಿ ಮುಕ್ಕಾಲು ಪಾಲು ಹಾಗೇ ಇತ್ತು.

ಆಗ ಅಪ್ಪನನ್ನು ಬೈದೆ. ಈಗ ಅನ್ನಿಸುತ್ತದೆ, ಬೈಸಿಕೊಳ್ಳಬೇಕಾಗಿದ್ದವನು ನಾನು. ಡಬ್ಬಿಯ ಮೇಲಿದ್ದದ್ದು ಒಂದೇ ಒಂದು ಅಂಕೆ. ಎಂದೂ ಪ್ರಯೋಗಾಲಯದ ಬಾಗಿಲು ನೋಡದ ಅಪ್ಪ ಒಂದೇ ಮಾತಿನಲ್ಲಿ ಎರಡು ಅಳತೆ ಕೊಟ್ಟಿದ್ದ: ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ. ಅವನ ಮಾತೇ ಹೆಚ್ಚು ವೈಜ್ಞಾನಿಕವಾಗಿತ್ತು. ಈ ಬರಹ ಆ ಮಾತಿನ ಪರವಾಗಿ ಮತ್ತು ಆ ಅಂಕೆಯ ವಿರುದ್ಧ.

ಮೊದಲು ‘300 ಪಟ್ಟು’ ಎಂಬುದು ಎಲ್ಲಿಂದ ಬರುತ್ತದೆ ನೋಡೋಣ. ಒಂದು ಲೋಟದಲ್ಲಿ ಇಂತಿಷ್ಟು ಸಕ್ಕರೆ ಕರಗಿಸುತ್ತಾರೆ. ಇನ್ನೊಂದರಲ್ಲಿ ಬದಲಿ ಸಿಹಿಯನ್ನು ಕರಗಿಸಿ, ಎರಡೂ ಒಂದೇ ಸಮ ಸಿಹಿ ಎಂದು ನಾಲಿಗೆ ಒಪ್ಪುವ ತನಕ ನೀರು ಬೆರೆಸುತ್ತಾರೆ. ಆಮೇಲೆ ಎರಡರ ತೂಕವನ್ನು ಭಾಗಿಸುತ್ತಾರೆ. ಆಸ್ಪರ್ಟೇಮ್ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು, ಸ್ಟೀವಿಯಾ ಎಲೆಯ ಸಾರ 200ರಿಂದ 300 ಪಟ್ಟು ಎನ್ನುವುದೆಲ್ಲ ಹೀಗೆ ಬಂದ ಲೆಕ್ಕ. ಲೆಕ್ಕ ಸುಳ್ಳಲ್ಲ, ಆದರೆ ಅರ್ಧ. ಹೋಲಿಸಿದ ಸಕ್ಕರೆ ನೀರು ಎಷ್ಟು ಗಟ್ಟಿ ಎಂಬುದರ ಮೇಲೆ ಇದೇ ಅಂಕೆ ಬದಲಾಗುತ್ತದೆ. ತೆಳು ನೀರಿನ ಜೊತೆ ಹೋಲಿಸಿದರೆ ಹೆಚ್ಚು, ಪಾಯಸದಷ್ಟು ಸಿಹಿಯ ಜೊತೆ ಹೋಲಿಸಿದರೆ ಕಡಿಮೆ. ಅದಕ್ಕಿಂತ ದೊಡ್ಡ ಕೊರತೆ ಎಂದರೆ ಈ ಲೆಕ್ಕದಲ್ಲಿ ಗಡಿಯಾರವೇ ಇಲ್ಲ. ಸಿಹಿ ತನ್ನ ತುದಿಯಲ್ಲಿದ್ದಾಗ ಎಷ್ಟು ಎತ್ತರ ಎನ್ನುವುದಷ್ಟೇ ಗೊತ್ತಾಗುತ್ತದೆ. ಆ ತುದಿಗೆ ಎಷ್ಟು ಹೊತ್ತಿಗೆ ಏರಿತು, ಅಲ್ಲಿಂದ ಎಷ್ಟು ಹೊತ್ತಿಗೆ ಇಳಿಯಿತು ಎಂಬುದಕ್ಕೆ ಲೆಕ್ಕವಿಲ್ಲ.

ಈ ಕೊರತೆ ನನಗೆ ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ. ಓದುವ ಕಾಲದಲ್ಲಿ ಮೈಸೂರಿನ ಒಂದು ಕಡೆ (ಹೆಸರು ಬೇಡ) ರುಚಿ ನೋಡುವವರ ಗುಂಪಿನಲ್ಲಿ ಕೂತಿದ್ದೆ. ಸಣ್ಣ ಸಣ್ಣ ಗೂಡು, ಬಣ್ಣ ಕಾಣದಿರಲಿ ಎಂದು ಕೆಂಪು ದೀಪ, ಮೂರಂಕಿಯ ಗುರುತು ಬರೆದ ಪುಟ್ಟ ಕಪ್ಪುಗಳು, ಬಾಯಿ ಮುಕ್ಕಳಿಸಲು ನೀರು. ಕೈಗೆ ಒಂದು ಹಾಳೆ. ಹಾಳೆಯಲ್ಲಿ ಒಂದು ಗೆರೆ, ‘ಸಿಹಿ ಎಷ್ಟು?’ ಎಂಬ ಪ್ರಶ್ನೆ. ಒಂದು ಕಪ್ಪಿನ ನೀರು ಕುಡಿದು, ‘ಸಾಧಾರಣ’ ಎನ್ನುವ ಕಡೆ ಗುರುತು ಹಾಕಿ ಪೆನ್ಸಿಲ್ ಇಟ್ಟೆ. ಇಟ್ಟ ಮೇಲೆ ಸಿಹಿ ಏರತೊಡಗಿತು. ಏರಿದ್ದು ಇಳಿಯಲಿಲ್ಲ. ಹಿಂದೆಯೇ ಲೋಹ ನೆಕ್ಕಿದ ಹಾಗೆ ಒಂದು ಕಹಿ. ಇದನ್ನು ಎಲ್ಲಿ ಬರೆಯಬೇಕು ಎಂದು ಕೇಳಿದೆ. ಅದಕ್ಕೆ ಜಾಗ ಇಲ್ಲ, ಮುಕ್ಕಳಿಸಿ ಮುಂದಿನ ಕಪ್ಪು ತೊಗೊಳ್ಳಿ ಎಂದರು. ಮುಂದಿನ ಕಪ್ಪಿನಲ್ಲಿ ಏನಿತ್ತೋ ತಿಳಿಯದು, ನನಗೆ ಸಿಕ್ಕಿದ್ದು ಹಿಂದಿನ ಕಪ್ಪಿನದೇ ರುಚಿ. ಅವತ್ತು ನಾನು ತುಂಬಿಕೊಟ್ಟ ಹಾಳೆಯೂ ಯಾವುದೋ ಸರಾಸರಿಯೊಳಗೆ ಸೇರಿರಬೇಕು.

ಹಾಗೆಂದು ವಿಜ್ಞಾನಕ್ಕೆ ಇದು ಗೊತ್ತಿಲ್ಲವೆಂದಲ್ಲ. ಗೊತ್ತಾಗಿ ಬಹಳ ವರ್ಷವಾಯಿತು. ರುಚಿ ಕಾಲದ ಜೊತೆ ಹೇಗೆ ಏರಿಳಿಯುತ್ತದೆ ಎಂದು 1937ರಲ್ಲೇ ಹಾಲ್‌ವೇ ಮತ್ತು ಹರ್ವಿಚ್ ಎಂಬ ಇಬ್ಬರು ಉಪ್ಪಿನ ನೀರು ಕುಡಿಸಿ ನೋಡಿದ್ದರು. 1978ರಲ್ಲಿ ಕ್ಯಾಲಿಫೋರ್ನಿಯಾದ ಲಾರ್ಸನ್-ಪವರ್ಸ್ ಮತ್ತು ರೋಸ್ ಮೇರಿ ಪ್ಯಾಂಗ್‌ಬಾರ್ನ್, ಸಕ್ಕರೆ ಮತ್ತು ಬದಲಿ ಸಿಹಿಗಳನ್ನು ಹಾಕಿದ ಪಾನೀಯಗಳನ್ನು ಇದೇ ಕ್ರಮದಲ್ಲಿ ಅಳೆದರು. ಕಾಗದದ ಸುರುಳಿ ತಾನಾಗಿ ಓಡುತ್ತಿರುತ್ತದೆ. ರುಚಿ ನೋಡುವವರು ಸಿಹಿ ಏರಿದ ಹಾಗೆ ಪೆನ್ನನ್ನು ಮೇಲೆ ಸರಿಸುತ್ತಾರೆ, ಇಳಿದ ಹಾಗೆ ಕೆಳಗೆ. ಕೊನೆಗೆ ಕಾಗದದ ಮೇಲೆ ಉಳಿಯುವುದು ಒಂದು ಗುಡ್ಡದ ಚಿತ್ರ. ಈಗ ಸುರುಳಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ, ಗುಡ್ಡ ಅದೇ.

ಸಕ್ಕರೆಯ ಗುಡ್ಡ ಸಣ್ಣದು, ಚೊಕ್ಕ. ನಾಲಿಗೆಗೆ ತಗುಲಿದ ತಕ್ಷಣ ಏರುತ್ತದೆ, ಕೆಲವು ಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ, ನುಂಗಿದ ಮೇಲೆ ಹೆಚ್ಚು ಹೊತ್ತು ಕಾಡದೆ ಇಳಿಯುತ್ತದೆ. ಹಣ್ಣು ಮತ್ತು ಜೇನಿನಲ್ಲಿರುವ ಫ್ರಕ್ಟೋಸ್ ಅದಕ್ಕಿಂತ ಚುರುಕು; ಬೇಗ ಬಂದು ಬೇಗ ಹೋಗುತ್ತದೆ. ಆಸ್ಪರ್ಟೇಮ್ ಕೊಂಚ ತಡವಾಗಿ ಬಂದು ಕೊಂಚ ಹೆಚ್ಚು ಉಳಿಯುತ್ತದೆ. ಸ್ಟೀವಿಯಾದ ಗುಡ್ಡ ನಿಧಾನಕ್ಕೆ ಏರಿ, ಇಳಿಯುವಾಗ ಉದ್ದಕ್ಕೆ ಬಾಲ ಎಳೆಯುತ್ತದೆ. ಆ ಬಾಲದಲ್ಲಿ ಅತಿಮಧುರದ ಬೇರು ಜಗಿದಂಥ ರುಚಿ ಮತ್ತು ಕಹಿ. ಪಶ್ಚಿಮ ಆಫ್ರಿಕಾದ ಕಟೆಂಫೆ ಹಣ್ಣಿನಿಂದ ತೆಗೆಯುವ ಥೌಮಾಟಿನ್ ತೂಕದ ಲೆಕ್ಕದಲ್ಲಿ ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿ. ಆದರೆ ಅದು ಎಷ್ಟು ತಡವಾಗಿ ಬರುತ್ತದೆಂದರೆ, ಏನೂ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಶುರುವಾಗುತ್ತದೆ. ಶುರುವಾದದ್ದು ನಿಮಿಷಗಟ್ಟಲೆ ಬಿಡುವುದಿಲ್ಲ. ‘ಪಟ್ಟು’ ಎಂಬ ಲೆಕ್ಕದಲ್ಲಿ ಇವೆಲ್ಲ ಒಂದೇ ಸಾಲಿನ ಅಂಕೆಗಳು. ಬಾಯಲ್ಲಿ ಇವು ಒಂದೇ ಅಲ್ಲ.

ಅಪ್ಪನ ನಾಲಿಗೆ ಹಟಮಾರಿಯಲ್ಲ ಎನ್ನುವುದಕ್ಕೆ ಇನ್ನೂ ಒಂದು ಆಧಾರವಿದೆ. ಸಿಹಿಯನ್ನು ಗುರುತಿಸುವ ಗ್ರಾಹಕ ನಾಲಿಗೆಯಲ್ಲಿ ಯಾವುದೆಂದು ಸ್ಪಷ್ಟವಾದದ್ದು 2001ರ ಸುಮಾರಿಗೆ. ಸಿಹಿಗೆ ಗ್ರಾಹಕ ಅದೊಂದೇ ಆದರೆ ಕಹಿಗೆ ಸುಮಾರು 25 ಬಗೆಯವು ಇವೆ. ಸ್ಟೀವಿಯಾದ ಅಣುಗಳು ಸಿಹಿಯ ಬಾಗಿಲು ತಟ್ಟುವುದರ ಜೊತೆಗೆ ಕಹಿಯ ಎರಡು ಬಾಗಿಲುಗಳನ್ನೂ ತಟ್ಟುತ್ತವೆ. ಸ್ಯಾಕರಿನ್ನಿನ ಕಹಿಯಂತೂ ಒಬ್ಬೊಬ್ಬರ ವಂಶವಾಹಿಗೆ ತಕ್ಕಂತೆ ಕೆಲವರಿಗೆ ಜೋರು, ಕೆಲವರಿಗೆ ಇಲ್ಲವೇ ಇಲ್ಲ. ಹೀಗಿರುವಾಗ ‘ನನಗೇನೂ ಅನ್ನಿಸಲಿಲ್ಲವಲ್ಲ, ನಿಂಗ್ಯಾಕೆ?’ ಎಂದು ಕೇಳುವುದು ವಿಜ್ಞಾನವಲ್ಲ, ದರ್ಪ. ‘ಅಭ್ಯಾಸ ಆಗುತ್ತದೆ’ ಎಂಬುದೂ ಅಂಥದೇ ಮಾತು. ಕಾಯಿಲೆಯಾದ ಮುದುಕನಿಗೆ ಅಭ್ಯಾಸವಾಗುವ ತನಕ ಕಾಯಲು ಬಸ್‌ಸ್ಟ್ಯಾಂಡಿನ ಅಂಗಡಿ ಬಿಡುವುದಿಲ್ಲ.

ಸಕ್ಕರೆಯನ್ನು ಮೆರೆಸಲು ಇದನ್ನು ಬರೆಯುತ್ತಿಲ್ಲ. ಸಕ್ಕರೆಯ ಗುಡ್ಡ ಚಿಕ್ಕದು ಎನ್ನುವುದೇ ಅದರ ಬಲೆ. ಬೇಗ ಹೋಗುವುದರಿಂದಲೇ ಇನ್ನೊಂದು ಗುಟುಕು ಬೇಕೆನಿಸುತ್ತದೆ. ನಾಲಿಗೆಯಿಂದ ಇಳಿದು ಹೋದದ್ದು ರಕ್ತದಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ. ಬದಲಿ ಸಿಹಿಯೇ ಸರ್ವರೋಗ ಪರಿಹಾರ ಎಂದೂ ಅಲ್ಲ. ತೂಕ ಇಳಿಸಲು ಇವುಗಳನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು, ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವುದಿಲ್ಲ ಎಂದೂ ಹೇಳಿತು. ಡಾಕ್ಟರು ಅಪ್ಪನಿಗೆ ಸಕ್ಕರೆ ಬಿಡಿ ಎಂದದ್ದು ಸರಿ. ಬದಲಿಗೆ ಕೊಟ್ಟದ್ದನ್ನು ಅವನ ನಾಲಿಗೆ ಒಪ್ಪುತ್ತದೆಯೇ ಎಂದು ಯಾರೂ ಕೇಳದಿದ್ದದ್ದು ತಪ್ಪು.

ಇದನ್ನೆಲ್ಲ ಹೇಳಿದಾಗ ನನ್ನ ಸಾಹಿತ್ಯದ ಗೆಳೆಯರು ನಗುತ್ತಾರೆ. ರುಚಿಯನ್ನು ಗಡಿಯಾರ ಹಿಡಿದು ಅಳೆಯುತ್ತೀಯೇನಯ್ಯ, ರುಚಿ ಅನುಭವಕ್ಕೆ ಸೇರಿದ್ದು, ಅಳತೆಗೆ ಸಿಕ್ಕುವುದಲ್ಲ ಎನ್ನುತ್ತಾರೆ. ಡಬ್ಬಿಯವರ ಮೇಲಿರುವಷ್ಟೇ ಸಿಟ್ಟು ನನಗೆ ಇವರ ಮೇಲೂ ಇದೆ. ನಮ್ಮ ಕಾವ್ಯಮೀಮಾಂಸೆ ‘ರಸ’ ಎಂಬ ಮಾತನ್ನು ತಂದದ್ದೇ ಅಡುಗೆಮನೆಯಿಂದ. ಭರತ ರಸವನ್ನು ವಿವರಿಸುವುದು ವ್ಯಂಜನಗಳ ಹೋಲಿಕೆ ಕೊಟ್ಟು. ಭಾವಗಳಲ್ಲಿ ಸ್ಥಾಯಿ ಯಾವುದು, ಸಂಚಾರಿ ಯಾವುದು ಎಂದು ವಿಂಗಡಿಸಿದವರು ನಿಲ್ಲುವುದನ್ನೂ ಬಂದು ಹೋಗುವುದನ್ನೂ ಬೇರೆ ಮಾಡಿ ನೋಡಿದರು. ಆನಂದವರ್ಧನ ಧ್ವನಿಯ ಒಂದು ಬಗೆಯನ್ನು ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನಕ್ಕೆ ಹೋಲಿಸಿದ. ಆಯುರ್ವೇದದ ಚರಕ ಸಂಹಿತೆ ರಸದ ಜೊತೆಗೆ ‘ಅನುರಸ’ ಎಂಬುದನ್ನೂ ಹೇಳುತ್ತದೆ. ಮೊದಲಿಗೆ ಸ್ಪಷ್ಟವಾಗಿ ತೋರುವುದು ರಸ, ಆಮೇಲೆ ಮಸುಕಾಗಿ ಹಿಂಬಾಲಿಸುವುದು ಅನುರಸ. ಕಾಲವನ್ನು ಬಿಟ್ಟು ರುಚಿಯ ಮಾತಾಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅಳತೆ ರುಚಿಗೆ ಶತ್ರುವಲ್ಲ, ಅರ್ಧ ಅಳೆದು ಪೂರ್ತಿ ಅಳೆದೆ ಎನ್ನುವುದು ಶತ್ರು. ‘ರುಚಿ ಅಳತೆಗೆ ಸಿಗದು’ ಎಂದು ನೀವು ಕೈಚೆಲ್ಲಿದ ಜಾಗದಲ್ಲೇ ಡಬ್ಬಿಯವನು ಬಂದು ತನ್ನ 300 ಬರೆದು ಹೋಗಿದ್ದಾನೆ.

ನಮ್ಮ ಸೀಮೆಯ ಯಾವ ಮಗುವಿಗೂ ಈ ವಿಷಯ ಹೊಸದಲ್ಲ. ಹೆಗ್ಗಡದೇವನಕೋಟೆ ಕಾಡಿನಂಚಿನ ಬೆಟ್ಟದ ನೆಲ್ಲಿಕಾಯಿ ತಿಂದು ಮೇಲೆ ನೀರು ಕುಡಿದವರಿಗೆ ಗೊತ್ತು: ಮೊದಲು ಹುಳಿ, ಜೊತೆಗೆ ಒಗರು, ಆಮೇಲೆ ಬರೀ ನೀರೇ ಸಿಹಿ. ಸಿಹಿ ಇದ್ದದ್ದು ನೀರಿನಲ್ಲೂ ಅಲ್ಲ, ಕಾಯಿಯಲ್ಲೂ ಅಲ್ಲ, ಎರಡರ ನಡುವಿನ ಹೊತ್ತಿನಲ್ಲಿ. ಮಧುನಾಶಿನಿಯ ಎಲೆ ಜಗಿದರೆ ಇದರ ಉಲ್ಟಾ. ಸ್ವಲ್ಪ ಹೊತ್ತು ಸಕ್ಕರೆ ತಿಂದರೆ ಮರಳು ತಿಂದ ಹಾಗೆ. ಆ ಕಡೆಯ ಜೇನು ಕುರುಬರ ಜೊತೆ ಕೂತು ಜೇನು ನೆಕ್ಕಿದವರಿಗೆ, ಹೆಜ್ಜೇನು ಬೇರೆ, ತುಡುವೆ ಬೇರೆ, ಯಾವ ಹೂವಿನ ಕಾಲದ ಜೇನು ಗಂಟಲಲ್ಲಿ ಕಹಿ ಬಿಡುತ್ತದೆ ಎಂಬುದು ಬೇರೆ ಎಂದು ಯಾರೂ ಪಾಠ ಹೇಳಬೇಕಿಲ್ಲ. ಒಗರು, ಕಮಟು, ನಾಲಿಗೆ ಹಿಡಿಯೋದು, ಗಂಟಲು ಕೆರೆಯೋದು ಎಂದು ರುಚಿಯ ಬಾಲವನ್ನು ಹಿಡಿಯುವ ಮಾತು ನಮ್ಮಲ್ಲಿ ಬೇಕಾದಷ್ಟಿವೆ. ನಾನು ಕೂತಿದ್ದ ಗೂಡಿನ ಹಾಳೆಯಲ್ಲಿ ಅವಕ್ಕೆ ಜಾಗವಿರಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಮನೆಯ ಕಾಫಿಯ ಜಗಳ ಎಂದು ಬಿಡಬಹುದಿತ್ತು. ಆದರೆ ಇದೇ ಸ್ಟೀವಿಯಾ ಸಸಿಯ ರೂಪದಲ್ಲಿ ನಮ್ಮ ಹೊಲಕ್ಕೂ ಬಂದಿತ್ತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದರೆ ಹೊಗೆಸೊಪ್ಪಿನ ಸೀಮೆ. ಕೆಂಪು ಮಣ್ಣು, ಮುಂಗಾರಿನ ಮಳೆ, ವರ್ಜೀನಿಯಾ ತಂಬಾಕು, ಹೊಲದ ಮೂಲೆಯಲ್ಲಿ ಬ್ಯಾರನ್ನು, ಬ್ಯಾರನ್ನಿನ ಒಲೆಗೆ ಸೌದೆ, ಕೊನೆಗೆ ತಂಬಾಕು ಮಂಡಳಿಯ ಹರಾಜು ಕಟ್ಟೆ. ಭಾರತ 2004ರಲ್ಲಿ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಅನುಮೋದಿಸಿತು. ಬೆಳೆಗಾರರಿಗೆ ಬದಲಿ ಬದುಕು ತೋರಿಸಬೇಕು ಎಂದು ಆ ಒಪ್ಪಂದದ 17ನೇ ವಿಧಿ ಹೇಳುತ್ತದೆ. ಅಲ್ಲಿಂದ ‘ಬದಲಿ ಬೆಳೆ’ ಎಂಬ ಮಾತು ನಮ್ಮ ಕಡೆಯ ಸಭೆಗಳಲ್ಲಿ ನಿಂತಿಲ್ಲ. ಆ ಮಾತಿನ ಬೆನ್ನು ಹತ್ತಿ ಸಸಿ ಮಾರುವವರೂ ಬಂದರು. ನಮ್ಮೂರಿಗೆ ಬಂದವನ ಕೈಯಲ್ಲೂ ಒಂದು ಬಣ್ಣದ ಕಾಗದ. ಅದರ ಮೇಲೂ ಅದೇ ‘300 ಪಟ್ಟು ಸಿಹಿ’. ಸಕ್ಕರೆಗಿಂತ ಮುನ್ನೂರು ಪಟ್ಟು ಸಿಹಿಯಾದ ಎಲೆಗೆ ಎಷ್ಟು ಪಟ್ಟು ಬೆಲೆ ಬರಬಹುದು ಎಂದು ಕೇಳಿದವರೇ ಲೆಕ್ಕ ಹಾಕಿಕೊಳ್ಳಲಿ ಎನ್ನುವ ಹಾಗಿತ್ತು ಅವನ ಮಾತು. ನಮ್ಮ ಪಕ್ಕದ ಹೊಲದವರು ಅರ್ಧ ಎಕರೆಗೆ ನಾಟಿ ಮಾಡಿದರು. ಎಲೆ ಚೆನ್ನಾಗಿ ಬಂತು. ಒಣಗಿಸಿಟ್ಟರು. ಕೊಳ್ಳಲು ಬಂದವನು ಒಂದು ಎಲೆ ಜಗಿದು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಸಿಹಿ ಇದೆ, ಹಿಂದೆ ಕಹಿ ಜಾಸ್ತಿ” ಎಂದು ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿದ. ಎರಡನೇ ಕೊಯ್ಲಿಗೆ ಅವನು ಬರಲೇ ಇಲ್ಲ.

ಆ ಮನುಷ್ಯ ಏಕೆ ಸುಮ್ಮನೆ ನಿಂತಿದ್ದ ಎಂಬುದು ನನಗೆ ಆಮೇಲೆ ಹೊಳೆಯಿತು. ಅವನು ಬಾಲ ಅಳೆಯುತ್ತಿದ್ದ. ಸ್ಟೀವಿಯಾ ಎಲೆಯಲ್ಲಿ ಸಿಹಿ ಕೊಡುವ ವಸ್ತು ಒಂದಲ್ಲ, ಹಲವು. ಸ್ಟೀವಿಯೋಸೈಡ್ ಎಂಬುದು ಹೆಚ್ಚಿದ್ದರೆ ಹಿಂದೆ ಉಳಿಯುವ ಕಹಿ ಹೆಚ್ಚು. ರೆಬಾಡಿಯೋಸೈಡ್-ಎ ಹೆಚ್ಚಿದ್ದರೆ ಕಹಿ ಕಡಿಮೆ, ಸಿಹಿಯೂ ಇನ್ನಷ್ಟು ಹೆಚ್ಚು. ಯಾವ ತಳಿಯ ಸಸಿ ಕೊಟ್ಟಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ. ಅಂದರೆ ಈ ಎಲೆಯ ಬೆಲೆ ನಿರ್ಧಾರವಾಗುವುದು ಸಿಹಿ ಎಷ್ಟು ಎಂಬುದರಿಂದ ಮಾತ್ರವಲ್ಲ, ಅದು ಹೇಗೆ ಬಂದು ಹೇಗೆ ಹೋಗುತ್ತದೆ ಎಂಬುದರಿಂದಲೂ. ಕೊಳ್ಳುವವನಿಗೆ ಆ ಅಳತೆ ಗೊತ್ತಿತ್ತು. ಬೆಳೆದವನಿಗೆ ಗೊತ್ತಿದ್ದದ್ದು 300 ಮಾತ್ರ. ಗಡಿಯಾರ ಒಬ್ಬನ ಕೈಯಲ್ಲಿ, ಬಣ್ಣದ ಕಾಗದ ಇನ್ನೊಬ್ಬನ ಕೈಯಲ್ಲಿ. ಇದಕ್ಕಿಂತ ಸ್ಪಷ್ಟವಾದ ಮೋಸ ಯಾವುದು?

ಹೇಳಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ ಎನ್ನುವವರು ಒಂದು ಸಲ ಬ್ಯಾರನ್ನಿನ ಮುಂದೆ ರಾತ್ರಿ ಕಳೆಯಬೇಕು. ಹಸಿ ಎಲೆ ಏರಿಸಿದ ಮೇಲೆ ಐದಾರು ದಿನ ಅದೇ ಕೆಲಸ. 35 ಡಿಗ್ರಿಯ ಆಸುಪಾಸಿನಲ್ಲಿ ಎಲೆ ಹಳದಿಯಾಗಬೇಕು. ಆಮೇಲೆ ಮೆಲ್ಲಗೆ ಶಾಖ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ 70ರ ಹತ್ತಿರ ತಂದು ನಡುವಿನ ದಂಟು ಒಣಗಿಸಬೇಕು. ಬೇಗ ಏರಿಸಿದರೆ ಹಸಿರು ಉಳಿಯುತ್ತದೆ, ತಡ ಮಾಡಿದರೆ ಕಪ್ಪಾಗುತ್ತದೆ. ಅಪ್ಪ ಮೂವತ್ತು ವರ್ಷ ಮಾಡಿದ್ದು ಇದನ್ನೇ. ಅಂದರೆ ಕಾಲದ ಜೊತೆ ಏರುವ ಒಂದು ಗೆರೆಯನ್ನು ನಿದ್ದೆಗೆಟ್ಟು ಕಾದದ್ದು. ಇಂಥವನಿಗೆ ಸಿಹಿಯ ಗುಡ್ಡದ ಚಿತ್ರ ತೋರಿಸಿದರೆ ಅರ್ಥವಾಗುವುದಿಲ್ಲವೆ? ಅರ್ಥವಾಗುತ್ತದೆ ಎಂಬ ಕಾರಣಕ್ಕೇ ತೋರಿಸುವುದಿಲ್ಲ ಎಂದು ನನ್ನ ಅನುಮಾನ.

ಸಿಹಿಯ ಬಾಲವನ್ನು ಅಳೆದ ಕಡೆಗಳಲ್ಲಿ ಅದನ್ನು ಕತ್ತರಿಸುವ ದಾರಿಯೂ ಸಿಕ್ಕಿದೆ. ಬೇಗ ಬಂದು ಬೇಗ ಹೋಗುವ ಒಂದು ಸಿಹಿಯನ್ನು ತಡವಾಗಿ ಬಂದು ಉಳಿಯುವ ಇನ್ನೊಂದರ ಜೊತೆ ಬೆರೆಸಿ, ಎರಡು ಗುಡ್ಡ ಸೇರಿ ಸಕ್ಕರೆಯ ಗುಡ್ಡದ ಹತ್ತಿರ ಬರುವಂತೆ ಮಾಡುತ್ತಾರೆ. ದೊಡ್ಡ ಪಾನೀಯ ಕಂಪನಿಗಳ ಬಾಟಲಿಯಲ್ಲಿ ಎರಡು ಮೂರು ಸಿಹಿಗಳ ಹೆಸರು ಒಟ್ಟಿಗೆ ಕಾಣುವುದು ಬಹುಪಾಲು ಇದಕ್ಕೇ. ವಿದ್ಯೆ ಇದೆ. ಅದು ಬಾಟಲಿಗೆ ಸಿಕ್ಕಿದೆ, ಅಪ್ಪನ ಲೋಟಕ್ಕೆ ಸಿಕ್ಕಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಬದಲಿ ಸಿಹಿಯ ಡಬ್ಬಿಯ ಮೇಲೆ ‘ಇಷ್ಟು ಪಟ್ಟು’ ಎಂದು ಬರೆಯುವವರು ಅದರ ಪಕ್ಕದಲ್ಲಿ ಬರುವ ಹೊತ್ತು, ಉಳಿಯುವ ಹೊತ್ತು ಎರಡನ್ನೂ ಕನ್ನಡದಲ್ಲಿ ಬರೆಯಲಿ. ಸಸಿ ಮಾರುವವರು ಎಲೆಯಲ್ಲಿ ಯಾವ ಸಿಹಿ ಎಷ್ಟು ಎಂದು ನಾಟಿಗೆ ಮೊದಲೇ ಬರೆದುಕೊಡಲಿ. 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಸಿ.ಎಫ್.ಟಿ.ಆರ್.ಐ. ಇದೆ, ನಮ್ಮ ನಾಲ್ಕು ತಾಲ್ಲೂಕಿನಿಂದ ಅಲ್ಲಿಗೆ ಒಂದೆರಡು ಗಂಟೆಯ ಬಸ್ ದಾರಿ. ಬದಲಿ ಸಿಹಿಯ ರುಚಿ ನೋಡುವ ಗುಂಪು ಎಲ್ಲಿ ಕೂತರೂ ಅದರಲ್ಲಿ ಸಕ್ಕರೆ ಕಾಯಿಲೆ ಇರುವ ಇಂಥ ಊರಿನ ಮುದುಕರು ಮುದುಕಿಯರು ನಾಲ್ಕು ಜನ ಇರಲಿ. ಅವರ ಕೈಗೆ ಗಡಿಯಾರ ಕೊಡಿ, ಹಾಳೆಯಲ್ಲಿ ಒಗರಿಗೂ ಕಮಟಿಗೂ ಜಾಗ ಬಿಡಿ. ಸಾಹಿತ್ಯದ ಗೆಳೆಯರಿಗೆ ಒಂದೇ ಕೋರಿಕೆ: ರುಚಿಯ ಹೆಸರಿನಲ್ಲಿ ಅಳತೆಯನ್ನು ಗೇಲಿ ಮಾಡಬೇಡಿ, ಪೂರ್ತಿ ಅಳೆಯಿರಿ ಎಂದು ಜಗಳ ಮಾಡಿ.

ನಾನಂತೂ ಕಳೆದ ತಿಂಗಳು ಮನೆಯಲ್ಲೇ ಶುರು ಮಾಡಿದೆ. ಅಪ್ಪನ ಮುಂದೆ ಮೂರು ಲೋಟ ಕಾಫಿ ಇಟ್ಟೆ: ಒಂದು ಮಾತ್ರೆ, ಅರ್ಧ, ಕಾಲು. ಒಂದು ಗುಟುಕು ಕುಡಿದು, ಸಿಹಿ ಏರಿದ ಹಾಗೆ ಒಂದೊಂದೇ ಬೆರಳು ಎತ್ತಬೇಕು, ಇಳಿದ ಹಾಗೆ ಮಡಚಬೇಕು. ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ಬಾಯಿ ಮುಕ್ಕಳಿಸಿ ಕಾಲು ಗಂಟೆ ಬಿಡುವು. ಅವ್ವ ಎಣಿಸುತ್ತಾ ಕೂತಳು. ಇಡೀ ಮಾತ್ರೆಯ ಲೋಟಕ್ಕೆ ಐದೂ ಬೆರಳು ಎದ್ದವು, ಅವ್ವ ನೂರು ದಾಟಿದರೂ ಎರಡು ಬೆರಳು ಕೆಳಗಿಳಿಯಲಿಲ್ಲ. “ಇನ್ನೂ ಐತಾ?” ಎಂದು ಅವ್ವ, “ಕುಂತದೆ ಕಣೇ” ಎಂದು ಅಪ್ಪ. ಕಾಲು ಮಾತ್ರೆಗೆ ಎದ್ದದ್ದು ಎರಡೇ ಬೆರಳು. ಆದರೆ ಅವ್ವ ಮೂವತ್ತು ಎಣಿಸುವುದರೊಳಗೆ ಎರಡೂ ಮಡಚಿದವು.

“ಇದು ಪರ್ವಾಗಿಲ್ಲ. ಸಿಹಿ ಸಾಲ್ದು, ಆದ್ರೆ ಹೊಂಟೋಯ್ತದೆ” ಎಂದ ಅಪ್ಪ.

ಡಬ್ಬಿಯ ಲೆಕ್ಕದಲ್ಲಿ ಅದು ಸೋತ ಕಾಫಿ. ಒಂದು ತಿಂಗಳಿಂದ ಅಪ್ಪ ಕುಡಿಯುತ್ತಿರುವುದು ಅದನ್ನೇ. ಬಸ್‌ಸ್ಟ್ಯಾಂಡಿನ ಅಂಗಡಿಗೆ ಈಗಲೂ ಹೋಗುತ್ತಾನೋ ಏನೋ, ಮುಂದಿನ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.